ಎಕ್ಕದ ಹುಲಿ, ಕೆಸರಿನ ಹುಲಿ

ಮಿರಗದ ಮಳೆ ಸುರಿದ ಮರುದಿನ ಬಸವಕಲ್ಯಾಣದಿಂದ ಹೊರಟು, ಸೊಲ್ಲಾಪುರದ ಹೆದ್ದಾರಿ ಹಿಡಿದು, ತಲಮೋಡದ ಹತ್ತಿರ ಗಡಿ ದಾಟಿ ಉಮರಗಾ ತಲುಪಿದೆ. ದಾರಿಯುದ್ದಕ್ಕೂ ಎರೆಹೊಲಗಳು ನೀರು ಕುಡಿದು ಕಪ್ಪಗೆ ಉಬ್ಬಿದ್ದವು. ಎರಡು ದಿನದ ಹಿಂದೆ ಕೈ ತೂರುವಷ್ಟು ಬಾಯಿ ಬಿಟ್ಟಿದ್ದ ಬಿರುಕುಗಳು ಮುಚ್ಚಿಕೊಂಡಿದ್ದವು. ಬದುವಿನ ಮೇಲೆ ಮಿರಗದ ಹುಳಗಳು ಕೆಂಪು ಮಖಮಲ್ಲಿನ ಚೂರುಗಳಂತೆ ಹರಿದಾಡುತ್ತಿದ್ದವು. ನಾನು ಉಳಿಯಬೇಕಿದ್ದದ್ದು ಊರ ಹೊರಗೆ, ಗೆಳೆಯನೊಬ್ಬನ ಅಜ್ಜನ ಹೊಲದ ಮನೆಯಲ್ಲಿ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಸಂತೆಯಲ್ಲಿ ಸಿಗುವ ಹಳೆಯ ದೋಸ್ತರೊಡನೆ ದಖನಿ. ಈ ಮೂರೂ ಆ ಅಜ್ಜನ ನಾಲಿಗೆಯ ಮೇಲೆ ಜಗಳವಿಲ್ಲದೆ ಇದ್ದವು. ಮೊಮ್ಮಕ್ಕಳು ಮುತ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಚಹಾ ಕುಡಿಯುವಾಗಲೇ ಆ ಸದ್ದು ಕೇಳಿತು. ಹೊಲದ ಆಚೆ ಅಂಚಿನಲ್ಲಿ ಹತ್ತಾರು ಎತ್ತುಗಳು ಒಂದರ ಹಿಂದೊಂದು ಗುಟುರು ಹಾಕಿದ ಹಾಗೆ.

“ಏನ್ ಮುತ್ಯಾ ಅದು, ಎತ್ತು?”

“ಎತ್ತಲ್ಲೋ ತಮ್ಮಾ, ಗೋಂಕರಗಪ್ಪಿ. ಮದಿವಿ ನಡದದ ಅವುರ್ದು. ನಡಿ, ತೋರಸ್ತೀನಿ.”

ಮನೆ ಕಟ್ಟುವಾಗ ಮುರುಮು ತೆಗೆದ ಗುಂಡಿ ಅದು. ಹಿಂದಿನ ವಾರದವರೆಗೆ ಅದರಲ್ಲಿ ಆಡು ಮಲಗುತ್ತಿದ್ದವಂತೆ. ಈಗ ಮೊಣಕಾಲುದ್ದ ಕಂದು ನೀರು. ಅದರ ಮೇಲೆ ತೇಲುತ್ತಿದ್ದವು ಇಪ್ಪತ್ತಕ್ಕಿಂತ ಹೆಚ್ಚು ಹಳದಿ ಕಪ್ಪೆಗಳು. ಸಂಜೆಯ ಮೋಡಗತ್ತಲಲ್ಲೂ ಒಳಗಿನಿಂದ ದೀಪ ಹಚ್ಚಿಟ್ಟಂತೆ ಕಾಣುವ ಹಳದಿ. ಅರಿಶಿನ ಹಚ್ಚಿಸಿಕೊಂಡು ಹಸೆಯ ಮೇಲೆ ಕೂತ ಮದುಮಗ ನನಗೆ ನೆನಪಾದ. ಮುತ್ಯಾ ಆಗಲೇ ಅದನ್ನು ಮದಿವಿ ಎಂದಿದ್ದರು. ಒಂದು ಕಪ್ಪೆ ಕೂಗಿದಾಗ ಅದರ ದವಡೆಯ ಎರಡೂ ಬದಿಗೆ ಎರಡು ಚೀಲ ಉಬ್ಬಿ ನಿಂತವು. ಅವುಗಳ ಬಣ್ಣ ಬಿಳಿ ಧೋತರಕ್ಕೆ ಹಾಕುವ ನೀಲದ ಅಚ್ಚ ನೀಲಿ. ಹಳದಿ ಮೈ, ನೀಲಿ ಗಂಟಲು, ಸುತ್ತ ಕಂದು ನೀರು. ಐವತ್ತು ವರ್ಷ ಕಪ್ಪೆಯ ನೆಲದಲ್ಲೇ ಬದುಕಿದ ನಾನು ಇದನ್ನು ಮೊದಲ ಸಲ ನೋಡುತ್ತಿದ್ದೆ.

ಗಂಡುಗಳು ಒಂದರ ಮೇಲೊಂದು ಹಾರಿ ನೀರಿಗೆ ಕೆಡವುತ್ತಿದ್ದವು. ಹೆಣ್ಣುಗಳು ಮಾತ್ರ ಎಂದಿನ ಹಸಿರುಗಂದು ಬಣ್ಣದಲ್ಲೇ, ಬೆನ್ನಿನ ನಡುವೆ ತೆಳು ಗೆರೆ ಎಳೆದುಕೊಂಡು, ಗುಂಡಿಯ ಅಂಚಿನಿಂದ ಸದ್ದಿಲ್ಲದೆ ಇಳಿಯುತ್ತಿದ್ದವು. ಇಳಿದದ್ದನ್ನು ಒಬ್ಬ ಹಳದಿ ಮದುಮಗ ಕಂಕುಳ ಕೆಳಗಿನಿಂದ ಅಪ್ಪಿ ಹಿಡಿದರೆ ಮುಗಿಯಿತು, ಮೊಟ್ಟೆ ಇಡುವವರೆಗೂ ಬಿಡುವುದಿಲ್ಲ.

“ಈಟ್ ದಿನಾ ಎಲ್ಲಿದ್ವು ಇವು?” ಎಂದು ಕೇಳಿದೆ.

ಮುತ್ಯಾ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ತೋರಿಸಿದರು. “ಇಲ್ಲೇ. ನಮ್ಮ ಕಾಲ್ ಬುಡಕ.”

ಆ ಮಾತು ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಬೇಸಿಗೆಯ ಹೊಲದಲ್ಲಿ ನಾವು ನಡೆಯುತ್ತೇವೆ, ರಂಟೆ ಹೊಡೆಯುತ್ತೇವೆ, ದನ ಮೇಯಿಸುತ್ತೇವೆ. ಕೆಳಗೆ ಅಂಗೈಯನ್ನು ಮೀರಿದ ಜೀವವೊಂದು ಉಣ್ಣದೆ, ಅಲುಗದೆ, ಉಸಿರಾಟವನ್ನು ಆದಷ್ಟು ತಗ್ಗಿಸಿಕೊಂಡು, ತೊಗಲಿನಿಂದಲೇ ಒಂದಿಷ್ಟು ಉಸಿರು ಹೀರುತ್ತ ತಿಂಗಳುಗಟ್ಟಲೆ ಕೂತಿರುತ್ತದೆ. ಮೇಲೆ ಮಳೆ ಬಿದ್ದ ತೇವ ತನ್ನ ಬೆನ್ನಿಗೆ ಮುಟ್ಟಿದ ದಿನ ಎದ್ದು ಬಂದು, ಅರಿಶಿನ ಹಚ್ಚಿಕೊಂಡು ಹಾಡುತ್ತದೆ. ಬೆಳಗಾಗುವಷ್ಟರಲ್ಲಿ ಹಾಡು ನಿಂತಿತ್ತು. ಗುಂಡಿಗೆ ಹೋಗಿ ನೋಡಿದರೆ ಮದುಮಕ್ಕಳ ಹಳದಿ ಆಗಲೇ ಮಂಕಾಗಿತ್ತು.

ನೀರಿನ ಮೇಲೆ ಅಂಟಂಟಾದ ತೆಳು ಹಾಸು ಇತ್ತು, ಅದರ ತುಂಬ ಸಾಸಿವೆಯಂಥ ಕಪ್ಪು ಮೊಟ್ಟೆ. ಒಂದು ಹೆಣ್ಣು ಸಾವಿರಾರು ಇಡುತ್ತದೆ. ಎಣಿಸಲು ಕೂತು ಸೋತು ತಲೆ ಎತ್ತಿದಾಗ ಮುಖದ ಎದುರಿಗೇ ಎಕ್ಕದ ಗಿಡ. ಅದರ ಮೇಲೆ ಒಂದು ಪಾತರಗಿತ್ತಿ ನಿಧಾನ ರೆಕ್ಕೆ ಬಡಿಯುತ್ತ ಬಂದು ಕೂತಿತು. ಕಿತ್ತಳೆಗಂದು ಮೈಬಣ್ಣ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಬಿಳಿ ಪಟ್ಟೆ. ಎಲೆಯ ಅಂಚು ಹಿಡಿದು, ಹೊಟ್ಟೆಯನ್ನು ಕೆಳಗೆ ಬಾಗಿಸಿ, ಒಂದು ಕ್ಷಣ ತಡೆದು ಹಾರಿಹೋಯಿತು. ಎಲೆ ಮಗುಚಿ ನೋಡಿದೆ. ಗಸಗಸೆಗಿಂತ ತುಸು ದೊಡ್ಡ, ಮುತ್ತಿನ ಬಿಳುಪಿನ ಮೊಟ್ಟೆ. ಒಂದೇ ಒಂದು.

ಈ ಚಿಟ್ಟೆಗೆ ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎನ್ನುತ್ತಾರೆ. ಲಿನ್ನೇಯಸ್ 1758ರಲ್ಲೇ ಹೆಸರಿಟ್ಟ ಜೀವ. ಶಾಸ್ತ್ರದ ಹೆಸರು ಡನಾಸ್ ಕ್ರಿಸಿಪಸ್. ಗುಂಡಿಯೊಳಗಿನ ಕಪ್ಪೆಗೆ 1802ರಲ್ಲಿ ಫ್ರಾನ್ಸಿನ ದೋದ್ಯಾಂ ಎಂಬ ಪಂಡಿತ ಇಟ್ಟ ಹೆಸರಿನಲ್ಲೂ ಹುಲಿಯೇ ಇದೆ. ಇಂದಿನ ಪುಸ್ತಕಗಳಲ್ಲಿ ಅದು ಹೋಪ್ಲೊಬ್ಯಾಟ್ರಾಕಸ್ ಟೈಗರಿನಸ್. ಮೈಮೇಲಿನ ಗುರುತು ನೋಡಿ ಇಬ್ಬರಿಗೂ ಹುಲಿಯ ಹೆಸರು ಕೊಟ್ಟರು. ಅಂತೂ ಉಮರಗಾದ ಒಂದು ಮುರುಮಿನ ಗುಂಡಿಯ ಅಂಚಿನಲ್ಲಿ, ಒಂದೇ ಬೆಳಗಿನಲ್ಲಿ, ಮೊಳದಷ್ಟು ಅಂತರದಲ್ಲಿ ಎರಡು ಹುಲಿಗಳು ತಂತಮ್ಮ ಮೊಟ್ಟೆ ಇಟ್ಟಿದ್ದವು. ಒಂದು ಸಾವಿರಗಟ್ಟಲೆ ಇಟ್ಟು ನೀರಿಗೆ ಒಪ್ಪಿಸಿತ್ತು. ಇನ್ನೊಂದು ಒಂದೊಂದನ್ನೇ ಇಡಲು ಗಿಡ ಹುಡುಕಿ ಹೊರಟಿತ್ತು. ಯಾರು ಮೊದಲು ತಮ್ಮ ತಾಯಿಯ ರೂಪಕ್ಕೆ ಬರುತ್ತಾರೆ ಎಂಬ ಕುತೂಹಲ ಹುಟ್ಟಿದ್ದು ಅಲ್ಲೇ. ಮುತ್ಯಾನ ಹತ್ತು ವರ್ಷದ ಮೊಮ್ಮಗಳು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದಳು. ನಾನು ಹೋದ ಮೇಲೆ ದಿನಾ ನೋಡಿ ಬರೆದಿಡುವುದಾಗಿ ಮಾತು ಕೊಟ್ಟಳು.

ಒಂದು ಅಪಾಯವಿತ್ತು. ಮಾರನೆಯ ದಿನ ಶನಿವಾರ. ಈ ಸೀಮೆಯಲ್ಲಿ ಶನಿವಾರ ಮಾರುತಿಗೆ ಎಕ್ಕದ ಎಲೆಯ ಮಾಲೆ ಹಾಕುವುದುಂಟು. ಮರಾಠಿಯಲ್ಲಿ ಗಿಡಕ್ಕೆ ರುಯಿ ಎನ್ನುತ್ತಾರೆ. ಮುತ್ಯಾ ನಸುಕಿನಲ್ಲೇ ಎಲೆ ಕೊಯ್ಯಲು ಬಂದವರು ಮೊಮ್ಮಗಳು ದಾರ ಕಟ್ಟಿದ್ದ ಕೊಂಬೆ ಕಂಡು ಸ್ವಲ್ಪ ಹೊತ್ತು ನಿಂತರು. “ಹನುಮಪ್ಪಗ ಆಚಿ ಗಿಡದ್ದು ನಡೀತದ” ಎಂದು ಆಚೆಗೆ ನಡೆದರು.

ಉಮರಗಾದಿಂದ ಲಾತೂರಿನ ರಸ್ತೆ ಹಿಡಿದರೆ ತೇರಣಾ ನದಿ ದಾಟಿ ಕಿಲ್ಲಾರಿ. ಅಲ್ಲಿ ಇಳಿಯದೆ ಹೋಗಲು ಮನಸ್ಸಾಗಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ದಪ್ಪ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಕುಸಿದವು. ಸುಮಾರು 10 ಸಾವಿರ ಜನ ಹೋದರು. ಉಮರಗಾ ಸೀಮೆಯ ಹಳ್ಳಿಗಳೂ ಆ ರಾತ್ರಿ ಮಣ್ಣಾದವು. ಬೇಸಿಗೆಯಲ್ಲಿ ತಂಪಾಗಿಡಲಿ ಎಂದು ಹಿರಿಯರು ಕಟ್ಟಿದ ಗೋಡೆಗಳೇ ಜೀವ ತೆಗೆದವು. ಉಳಿದವರಿಗೆ ಬೇರೆ ಕಡೆ ಹೊಸ ಊರು ಕಟ್ಟಿಕೊಟ್ಟರು. ಹಳೆಯ ಊರಿನ ಕಲ್ಲುಗಳ ನಡುವೆ ಈಗ ಎಕ್ಕ, ಜಾಲಿ, ತಂಗಡಿ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೂ ಹೊಸ್ತಿಲಾಗಿದ್ದ ಒಂದು ಕಲ್ಲಿನ ಪಕ್ಕದ ಎಕ್ಕದ ಮೇಲೆ ಅದೇ ಹುಲಿಬಣ್ಣದ ಪಾತರಗಿತ್ತಿ ಅವಸರವಿಲ್ಲದೆ ಹಾರಾಡುತ್ತಿದ್ದುದನ್ನು ನೋಡಿದೆ.

ಆ ಅವಸರವಿಲ್ಲದ ಹಾರಾಟಕ್ಕೆ ಕಾರಣವಿದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಎಂದು ನಮ್ಮನ್ನೆಲ್ಲ ಚಿಕ್ಕಂದಿನಲ್ಲಿ ಹೆದರಿಸಿದ್ದಾರೆ. ಆ ಹೆದರಿಕೆ ಖರೆಯೇ. ಆ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ದನ ಮುಟ್ಟದ ಆ ಎಲೆಯೇ ಈ ಚಿಟ್ಟೆಯ ಮರಿಹುಳದ ಅನ್ನ. ಕಪ್ಪು, ಬಿಳಿ, ಹಳದಿ ಬಳೆ ತೊಟ್ಟ ಹುಳ ಮೊದಲು ಎಲೆಯ ನಡುನರವನ್ನು ಕಚ್ಚಿ ಹಾಲು ಸೋರಿಹೋಗುವಂತೆ ಮಾಡುತ್ತದೆ, ಆಮೇಲೆ ಊಟಕ್ಕೆ ಕೂರುತ್ತದೆ. ಒಳಗೆ ಹೋದ ವಿಷವನ್ನು ಮೈಯಲ್ಲೇ ಕೂಡಿಡುತ್ತದೆ. ಹುಳ ಚಿಟ್ಟೆಯಾದಾಗಲೂ ವಿಷ ಜೊತೆಗೇ ಬರುತ್ತದೆ. ಒಂದು ಸಲ ತಿಂದು ಕಾರಿಕೊಂಡ ಹಕ್ಕಿ ಮುಂದೆ ಆ ಕಿತ್ತಳೆ ಬಣ್ಣ ಕಂಡರೆ ದೂರ. ಕಪ್ಪೆಗೆ ಅಂಥ ಕವಚವಿಲ್ಲ. ನೀರಹಾವು, ಕೊಕ್ಕರೆ, ನರಿ ಎಲ್ಲರಿಗೂ ಅದು ತುತ್ತು. ಮನುಷ್ಯರಿಗೂ ತುತ್ತಾಗಿತ್ತು: ನಮ್ಮ ದೇಶ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲು ಹೊರದೇಶಕ್ಕೆ ಕಳಿಸುತ್ತಿತ್ತು. ಅದರಲ್ಲಿ ಈ ಗೋಂಕರಗಪ್ಪೆಯ ಪಾಲು ದೊಡ್ಡದು. 1987ರಲ್ಲಿ ಆ ರಫ್ತು ನಿಂತಿತು. ಗದ್ದೆ ಹೊಲಗಳ ಕೀಟ ತಿನ್ನುವ ಬಾಯಿಗಳನ್ನು ನಾವೇ ಕತ್ತರಿಸಿ ಮಾರುತ್ತಿದ್ದೆವು ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಳದಿಯ ವಿಷಯಕ್ಕೆ ಮರಳುತ್ತೇನೆ, ಕಿಲ್ಲಾರಿಯಿಂದ ಲಾಮಜನಾ ಮೇಲೆ ನಿಲಂಗಾಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ತಲೆಯಲ್ಲಿದ್ದದ್ದು ಅದೊಂದೇ. ಚಿಟ್ಟೆಯ ಬಣ್ಣ ಬದುಕಿಡೀ ಇರುವ ಎಚ್ಚರಿಕೆ, ನನ್ನನ್ನು ಮುಟ್ಟಬೇಡ ಎಂದು ಲೋಕಕ್ಕೆಲ್ಲ ಹೇಳುವುದು. ಕಪ್ಪೆಯ ಬಣ್ಣ ಒಂದೆರಡು ದಿನದ ಕರೆ, ನನ್ನ ಬಳಿ ಬಾ ಎಂದು ಒಬ್ಬಳಿಗೆ ಹೇಳುವುದು. ಆ ಒಂದೆರಡು ದಿನ ಕೊಕ್ಕರೆಯ ಕಣ್ಣಿಗೂ ಅದು ಅಷ್ಟೇ ಚೆನ್ನಾಗಿ ಕಾಣುತ್ತದೆ. ವಿಷವಿಲ್ಲದ ಮೈಗೆ ಅಷ್ಟು ಬಣ್ಣ ಹಚ್ಚಿಕೊಂಡು ಬಯಲಲ್ಲಿ ನಿಂತು ಕೂಗುವ ಧೈರ್ಯ ದೊಡ್ಡದು.

ನಿಲಂಗಾದಲ್ಲಿ ಮುತ್ಯಾನ ಹೆಂಡತಿಯ ತಂಗಿಯ ಮನೆ. ಎಲ್ಲರೂ ಆಯಿ ಎನ್ನುವ ಆ ಮುದುಕಿ ಜೋಳದ ರೊಟ್ಟಿ ಬಡಿಯುತ್ತಲೇ ನನ್ನ ಕಥೆ ಕೇಳಿದರು. ನೀಲಕಂಠೇಶ್ವರನ ಹಳೆಯ ಕಲ್ಲಿನ ಗುಡಿಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಕಲ್ಯಾಣದ ಚಾಲುಕ್ಯರು ಆಳಿದ ಈ ನೆಲದಲ್ಲಿ ಕನ್ನಡ ಶಾಸನಗಳು ಸಿಕ್ಕಿವೆ. ಇಲ್ಲಿಂದ ಬಡಗಣಕ್ಕಿರುವ ಲಾತೂರನ್ನೇ ರಾಷ್ಟ್ರಕೂಟರು ತಮ್ಮ ಮೂಲದ ಲತ್ತಲೂರು ಎಂದು ಬಿರುದಿನಲ್ಲಿ ಹೊತ್ತಿದ್ದರು. 1956ರವರೆಗೆ ನಿಲಂಗಾ, ಉದಗೀರ, ಅಹಮದಪುರ ಬೀದರ ಜಿಲ್ಲೆಯ ತಾಲೂಕುಗಳು. ಆ ವರ್ಷ ಬೀದರ ಮೂರು ಪಾಲಾಯಿತು: ಈ ಮೂರು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಆಯಿಗೆ ಅದೆಲ್ಲ ತವರು ಮತ್ತು ಗಂಡನ ಮನೆಯ ನಡುವೆ ಬಂದ ಒಂದು ಗೆರೆ ಮಾತ್ರ.

“ನೀವು ಪಾತರಗಿತ್ತಿ ಅಂತೀರಿ, ನನ್ನ ಸೊಸಿ ಫುಲಪಾಖರೂ ಅಂತಾಳ” ಎಂದರು. ಮರಾಠಿಯ ಆ ಮಾತಿಗೆ ಹೂಹಕ್ಕಿ ಎಂದರ್ಥ. ನಮ್ಮ ಪಾತರಗಿತ್ತಿಯಲ್ಲಿ ಪಾತರ, ಅಂದರೆ ಕುಣಿಯುವವಳು, ಕೂತಿದ್ದಾಳೆ. ಒಬ್ಬರಿಗೆ ಅದು ಹಕ್ಕಿ, ಇನ್ನೊಬ್ಬರಿಗೆ ನರ್ತಕಿ. ಓಣಿಯ ಮುಸಲ್ಮಾನರ ಮನೆಯಲ್ಲಿ ತಿತಲಿ. ಕಪ್ಪೆಗೆ ಇಲ್ಲಿ ಬೇಡೂಕ್, ಮೆಂಢಕ್. ಜಹೀರಾಬಾದಿನ ಕಡೆ ಹೋದರೆ ತೆಲುಗಿನ ಕಪ್ಪ ನಮ್ಮ ಕಪ್ಪೆಯ ಒಡಹುಟ್ಟು. ಗೋಂಕರಗಪ್ಪೆ ಎಂಬ ಹೆಸರನ್ನು ಮಾತ್ರ ಆ ಪ್ರಾಣಿಯೇ ಗಂಟಲಿನಿಂದ ಹೇಳಿಕೊಟ್ಟಿದೆ ಎಂದು ನನ್ನ ನಂಬಿಕೆ. ಆ ರಾತ್ರಿ ಗೊಂಕ್, ಗೊಂಕ್ ಎಂಬುದನ್ನು ಕೇಳಿದ ಮೇಲೆ ಬೇರೆ ಹೆಸರು ಇಡಲು ಯಾರಿಗೂ ಸಾಧ್ಯವಿಲ್ಲ. ಮಳೆ ಹೋದ ವರ್ಷಗಳಲ್ಲಿ ಹುಡುಗರು ಮೈಗೆ ಬೇವಿನ ಸೊಪ್ಪು ಸುತ್ತಿಕೊಂಡು ಧೋಂಡಿ ಆಡುತ್ತ ಮನೆ ಮನೆಗೆ ಬರುತ್ತಿದ್ದುದನ್ನೂ, ತಾವು ಅವರ ತಲೆಯ ಮೇಲೆ ತಂಬಿಗೆ ನೀರು ಸುರಿಯುತ್ತಿದ್ದುದನ್ನೂ ಆಯಿ ನೆನೆದರು. ಕೋಲಿಗೆ ಕಪ್ಪೆ ಕಟ್ಟಿ ತರುತ್ತಿದ್ದರಂತೆ. “ಅದು ಕೂಗಿದ್ರ ಮಳಿ ಬರ್ತದಂತ. ಪಾಪ, ಮಳಿ ಬಂದ್ರ ಅದು ಕೂಗ್ತದ” ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದರು.

ನಿಲಂಗಾದಿಂದ ಉದಗೀರಕ್ಕೆ ದೇವಣಿಯ ಮೇಲೆ ಹೋದೆ. ನಡುವೆ ಮಾಂಜರಾ. ಇದೇ ನದಿ ಮುಂದೆ ಹರಿದು ಭಾಲ್ಕಿ, ಬೀದರ ಸೀಮೆಗೆ ನೀರಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಇದರ ಅಣೆಕಟ್ಟು ಬತ್ತಿ, ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಆ ಏಪ್ರಿಲ್ಲಿನಲ್ಲೂ ಈ ದಂಡೆಯ ಮಣ್ಣಿನ ಕೆಳಗೆ ಗೋಂಕರಗಪ್ಪೆಗಳು ಕಾಯುತ್ತ ಕೂತಿದ್ದಿರಬೇಕು. ಸೇತುವೆಯ ಪಕ್ಕ ಕೂತು, ಮೊಣಕಾಲುದ್ದದ ಗುಂಡಿಯಲ್ಲೂ ಎಲೆಯ ಬೆನ್ನಿನಲ್ಲೂ ಆ ಹೊತ್ತಿಗೆ ಏನು ನಡೆಯುತ್ತಿದೆ ಎಂದು ಲೆಕ್ಕ ಹಾಕಿದೆ.

ಎರಡೂ ಮರುಹುಟ್ಟು ಪಡೆಯುವ ಜೀವಗಳು, ಆದರೆ ದಾರಿ ಬೇರೆ. ಗೊದಮೊಟ್ಟೆ ಎಚ್ಚರವಿದ್ದೇ ಬದಲಾಗುತ್ತದೆ. ಈಜುತ್ತಿರುವಾಗಲೇ ಹಿಂಗಾಲು ಮೂಡುತ್ತವೆ, ಆಮೇಲೆ ಮುಂಗಾಲು; ಕಿವಿರು ಮಾಯವಾಗಿ ಶ್ವಾಸಕೋಶ ಕೆಲಸ ಹಿಡಿಯುತ್ತದೆ, ಬಾಯಿ ಅಗಲವಾಗುತ್ತದೆ. ಬಾಲ ಉದುರುವುದಿಲ್ಲ, ಮೈ ಅದನ್ನು ಒಳಗಿನಿಂದ ಕರಗಿಸಿ ಉಂಡುಬಿಡುತ್ತದೆ. ಈ ಎಲ್ಲದಕ್ಕೂ ಅಪ್ಪಣೆ ಕೊಡುವುದು ಗಂಟಲಿನ ಥೈರಾಯ್ಡ್ ಗ್ರಂಥಿ. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಎಳೆಯ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದಾಗ ಅವು ಬೆಳೆಯುವುದನ್ನೇ ಮರೆತು ಅವಸರವಾಗಿ ಪುಟಾಣಿ ಕಪ್ಪೆಗಳಾದವು. ನಮಗೆ ಗಳಗಂಡ ಬಾರದಿರಲೆಂದು ಉಪ್ಪಿನಲ್ಲಿ ಬೆರೆಸುವ ಅಯೋಡಿನ್ನೇ ಆ ಗ್ರಂಥಿಯ ರಸದ ತಿರುಳು. ಅಡುಗೆಮನೆಯ ಉಪ್ಪಿನ ಡಬ್ಬಿಗೂ ಉಮರಗಾದ ಗುಂಡಿಯ ಕಪ್ಪೆಮರಿಯ ಕಾಲಿಗೂ ಇಂಥ ನಂಟು ಇರುವುದನ್ನು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಮರಿಹುಳದ ಕಥೆ ಮರೆಯಲ್ಲಿ ನಡೆಯುವಂಥದ್ದು. ಅದು ತಿನ್ನುವುದನ್ನು ಬಿಟ್ಟು, ತಲೆಕೆಳಗಾಗಿ ಜೋತು, ತೊಗಲು ಕಳಚಿ ಕೋಶವಾಗುತ್ತದೆ. ಒಳಗೆ ಹಳೆಯ ಸ್ನಾಯುಗಳು ಬಹುಪಾಲು ಕರಗುತ್ತವೆ. ಹುಳದ ಮೈಯಲ್ಲಿ ಮೊದಲಿನಿಂದಲೂ ಮಡಚಿಟ್ಟಿದ್ದ ಪುಟ್ಟ ಜೀವಕೋಶಗಳ ಗೊಂಚಲುಗಳು ಬಿಚ್ಚಿಕೊಂಡು ರೆಕ್ಕೆ, ಉದ್ದ ಕಾಲು, ದೊಡ್ಡ ಕಣ್ಣು ಆಗುತ್ತವೆ. ಇಲ್ಲಿ ಅಪ್ಪಣೆಯ ರಸ ಬೇರೆ, ಎಕ್ಡೈಸೋನ್. ಅದನ್ನು ಮೊದಲ ಬಾರಿ ಹರಳಾಗಿ ಬೇರ್ಪಡಿಸಲು ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ 1954ರಲ್ಲಿ ರೇಷ್ಮೆಹುಳದ 500 ಕಿಲೋ ಕೋಶ ಬಳಸಿದರು. ಸಿಕ್ಕದ್ದು 25 ಮಿಲಿಗ್ರಾಂ, ಒಂದು ಚಿಟಿಕೆಯೂ ಅಲ್ಲ. ರೇಷ್ಮೆಗೂಡು ಕೈಯಲ್ಲಿ ಹಿಡಿದು ಗೊತ್ತಿರುವ ನಮ್ಮ ರೈತರಿಗೆ 500 ಕಿಲೋ ಎಂದರೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟೆಲ್ಲ ಕರಗಿದ ಮೇಲೆ ಹಳೆಯ ಜನ್ಮದ ನೆನಪು ಉಳಿಯುತ್ತದೆಯೇ? ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಉತ್ತರ ಕೊಟ್ಟರು. ತಂಬಾಕಿನ ಗಿಡ ತಿನ್ನುವ ಒಂದು ಪತಂಗದ ಮರಿಹುಳಗಳಿಗೆ ಒಂದು ವಾಸನೆ ತೋರಿಸಿ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟಿದ್ದರು. ಬಲಿತ ಹುಳಗಳಾಗಿ ಪಾಠ ಕಲಿತವು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಕೋಶದೊಳಗೆ ಎಲ್ಲವೂ ಕರಗುವುದಿಲ್ಲ, ಮಿದುಳಿನ ಒಂದು ಮೂಲೆಯಲ್ಲಿ ಹಳೆಯ ದಿನ ಉಳಿಯುತ್ತದೆ. ಎಕ್ಕದ ಎಲೆಯ ಮೇಲೆ ತೆವಳಿದ್ದನ್ನು ನನ್ನ ಪಾತರಗಿತ್ತಿ ನೆನೆಯುವುದೋ ಏನೋ ಎಂದು ಮಾಂಜರಾ ನೀರು ನೋಡುತ್ತ ಕೂತವನಿಗೆ ಎರಡು ಬಸ್ಸು ತಪ್ಪಿದವು.

ದೇವಣಿಯ ಸಂತೆಯಲ್ಲಿ ಆ ಊರಿನ ಹೆಸರನ್ನೇ ಹೊತ್ತ ದನಗಳನ್ನು ನೋಡಿದೆ: ಬಿಳಿ ಮೈಯ ಮೇಲೆ ಕಪ್ಪು ಮಚ್ಚೆ, ಜೋಲುಕಿವಿ. ನಮ್ಮ ಬೀದರಿನಲ್ಲೂ ಇದೇ ತಳಿ ಹೂಡುತ್ತಾರೆ. ಒಂದು ಗೂಳಿ ಗುಟುರು ಹಾಕಿದಾಗ ಬೆಚ್ಚಿ ಗುಂಡಿಯ ಕಡೆ ತಿರುಗಿದಂತೆ ತಿರುಗಿದೆ. ಇಂಗ್ಲಿಷಿನವರು ಈ ಕಪ್ಪೆಯನ್ನು ಬುಲ್‌ಫ್ರಾಗ್ ಎಂದದ್ದರಲ್ಲಿ ತಪ್ಪಿಲ್ಲ.

ಉದಗೀರದ ಕೋಟೆಗೆ ಹೋಗುವ ಹೊತ್ತಿಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. 1760ರಲ್ಲಿ ಸದಾಶಿವರಾವ ಭಾವೂನ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಈ ಊರಿನ ಬಯಲಿನಲ್ಲಿ. ಮುಂದಿನ ವರ್ಷವೇ ಆ ಭಾವೂ ಪಾಣಿಪತದಲ್ಲಿ ಮಡಿದ. ಕೋಟೆಯ ಕಥೆ ಹೇಳಲು ಒಬ್ಬರು ಮುಂದೆ ಬಂದರು. ನನ್ನ ಕಣ್ಣು ಮಾತ್ರ ಕಂದಕದ ದಂಡೆಯ ಗೋಳಿ ಸೊಪ್ಪಿನ ಮೇಲೆ ಹಾರುತ್ತಿದ್ದ ಪಾತರಗಿತ್ತಿಯ ಮೇಲಿತ್ತು. ಅದೇ ಕಿತ್ತಳೆ, ಅದೇ ಕಪ್ಪು ತುದಿ, ಅದೇ ಬಿಳಿ ಪಟ್ಟೆ. ಎಕ್ಕದ ಚಿಟ್ಟೆಗೆ ಗೋಳಿ ಸೊಪ್ಪಿನಲ್ಲಿ ಏನು ಕೆಲಸ? ಮೊಣಕಾಲೂರಿ ಹತ್ತಿರ ಹೋದೆ. ನಮ್ಮ ಹುಲಿಚಿಟ್ಟೆಯ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆ ಇರಬೇಕು, ಗಂಡಾದರೆ ಇನ್ನೊಂದು ಹೆಚ್ಚು. ಇದರ ರೆಕ್ಕೆಯ ನಡುವೆ ಆ ಚುಕ್ಕೆಗಳಿಲ್ಲ. ಇದು ವೇಷ! ಡನೈಡ್ ಎಗ್‌ಫ್ಲೈ ಎಂಬ ಬೇರೆಯೇ ಕುಲದ ಚಿಟ್ಟೆಯ ಹೆಣ್ಣು. ಇದರ ಮರಿ ತಿನ್ನುವುದು ನಾವು ಪಲ್ಯ ಮಾಡುವ ಗೋಳಿ ಸೊಪ್ಪು, ಮೈಯಲ್ಲಿ ಎಕ್ಕದ ವಿಷವಿಲ್ಲ. ಆದರೂ ವಿಷದವಳ ಸೀರೆಯನ್ನೇ ಉಟ್ಟು ಹಕ್ಕಿಗಳ ನಡುವೆ ಬದುಕುತ್ತಾಳೆ. ಅವಳ ಗಂಡನಿಗೆ ಈ ವೇಷ ಇಲ್ಲ. ಅವನು ಮಸಿಗಪ್ಪು, ರೆಕ್ಕೆಗೆ ದೊಡ್ಡ ಬಿಳಿ ಬೊಟ್ಟು, ಬೊಟ್ಟಿನ ಸುತ್ತ ನೀಲಿ ಹೊಳಪು. ಹತ್ತೇ ನಿಮಿಷದಲ್ಲಿ ಅವನೂ ಬಂದ. ಕಂದಕದ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಕೂತ.

ಎಕ್ಕದ ಹುಲಿಚಿಟ್ಟೆಗೂ ಮನುಷ್ಯರಿಗೂ ಬಹಳ ಹಳೆಯ ನಂಟಿದೆ. ಈಜಿಪ್ಟಿನ ನೆಬಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ, ಸುಮಾರು 3,400 ವರ್ಷದ ಹಿಂದಿನ ಬೇಟೆಯ ಚಿತ್ರದಲ್ಲಿ, ಆಪಿನ ಹುಲ್ಲಿನ ಮೇಲೆ ಹಾರುವ ಹುಲಿಚಿಟ್ಟೆಗಳಿವೆ. ಆ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕಪ್ಪೆಯ ಪಾಲಿಗೆ ಬಂದದ್ದು ಋಗ್ವೇದ. ಏಳನೆಯ ಮಂಡಲದ ಒಂದು ಸೂಕ್ತ ಪೂರ್ತಿ ಮಳೆಗಾಲದ ಕಪ್ಪೆಗಳದು. ವರ್ಷವಿಡೀ ಮೌನವಿದ್ದು ಮಳೆಗೆ ದನಿ ತೆರೆವ ಅವನ್ನು ಅಲ್ಲಿ ವ್ರತ ಹಿಡಿದ ಬ್ರಾಹ್ಮಣರಿಗೆ ಹೋಲಿಸಿದ್ದಾರೆ. ಚಿಟ್ಟೆ ಕಣ್ಣಿನ ಪ್ರಾಣಿ, ಗೋಡೆಯ ಮೇಲೆ ಉಳಿಯಿತು. ಕಪ್ಪೆ ಕಿವಿಯ ಪ್ರಾಣಿ, ಬಾಯಿಂದ ಬಾಯಿಗೆ ಉಳಿಯಿತು.

ಉದಗೀರದಿಂದ ರೈಲು ಹತ್ತಿ ಕಮಲನಗರ, ಭಾಲ್ಕಿ ದಾಟಿ ಬೀದರಿಗೆ ಬಂದೆ. ಮುತ್ಯಾನ ಮೊಮ್ಮಗಳ ಫೋನು ಬರುತ್ತಿತ್ತು. “ಕಾಕಾ, ಕಪ್ಪಿ ಮೊಟ್ಟಿ ಒಡದು ಮರಿ ಆಗ್ಯಾವ” ಎರಡನೆಯ ದಿನ. “ಎಕ್ಕಿ ಹುಳ ಹೊರಗ ಬಂತು” ನಾಲ್ಕನೆಯ ದಿನ. ಹತ್ತನೆಯ ದಿನ ಅಳುದನಿ: ಗೊದಮೊಟ್ಟೆಗಳು ಒಂದನ್ನೊಂದು ತಿನ್ನುತ್ತಿವೆ. ಹೌದು, ಈ ಕಪ್ಪೆಯ ಮರಿಗಳು ಮಾಂಸ ತಿನ್ನುವಂಥವು, ಒಡಹುಟ್ಟಿದವರನ್ನೂ ಬಿಡುವುದಿಲ್ಲ ಎಂದು ಸಮಾಧಾನ ಹೇಳಿದೆ. ಹದಿನೇಳನೆಯ ದಿನ ಹುಳ ಕೋಶವಾಯಿತು. “ಹಸರ ಅದ ಕಾಕಾ, ಬಂಗಾರದ ಬೊಟ್ಟ ಇಟ್ಟಂಗ ಅದ.” ಇಪ್ಪತ್ತಾರನೆಯ ದಿನದ ಮುಂಜಾನೆ ಫೋನು ಬಂದಾಗ ಅವಳಿಗೆ ಮಾತೇ ಹೊರಡಲಿಲ್ಲ. ಅವಳ ಕಣ್ಣೆದುರೇ ಕೋಶ ಬಿರಿದು, ಮುದುಡಿದ ರೆಕ್ಕೆ ಬಿಚ್ಚಿ, ಒಣಗಿಸಿಕೊಂಡು ಅದು ತೊಗರಿಯ ಸಾಲಿನ ಮೇಲೆ ಹಾರಿಹೋಗಿತ್ತು.

ಕಪ್ಪೆಗಳದು ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಮಳೆ ಕೈಕೊಟ್ಟಿತು. ಆರಿದ್ರಾ ಒಣಗಿ ಹೋಯಿತು, ಸೋಯಾ ಬಾಡತೊಡಗಿತು. ನಲವತ್ತನೆಯ ದಿನ ನಾನು ಮತ್ತೆ ಉಮರಗಾಕ್ಕೆ ಹೋದಾಗ ಗುಂಡಿಯ ನೀರು ಗೇಣುದ್ದಕ್ಕೆ ಇಳಿದಿತ್ತು. ನೀರು ಇಳಿದಷ್ಟೂ ಹಲವು ಜಾತಿಯ ಗೊದಮೊಟ್ಟೆಗಳು ಅವಸರ ಮಾಡಿ, ಸಣ್ಣ ಮೈಯಲ್ಲೇ ಕಪ್ಪೆಯಾಗುತ್ತವೆ ಎಂದು ಓದಿದ್ದೆ. ಈ ಗುಂಡಿಯಲ್ಲಿ ಅವಸರಕ್ಕೂ ಹೊತ್ತು ಉಳಿದಂತೆ ಕಾಣಲಿಲ್ಲ. ಅಂಚಿನ ಕೆಸರು ಆಗಲೇ ಬಿರುಕು ಬಿಡುತ್ತಿತ್ತು.

ಆದರೆ ಕೆಸರಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಮನೆಯಿಂದ ಗುಂಡಿಯವರೆಗೆ, ಗುಂಡಿಯಿಂದ ಮನೆಗೆ. ಕೇಳಿದರೆ ಯಾರೂ ಹೇಳಲಿಲ್ಲ. ಮರುದಿನ ನಸುಕಿನಲ್ಲಿ ಎದ್ದು ನೋಡಿದೆ. ಮುತ್ಯಾನ ಹೆಂಡತಿ ಬೋರಿನ ನೀರು ತುಂಬಿದ ಕೊಡ ಹೊತ್ತು ಹೋಗಿ, ಗುಂಡಿಯ ಅಂಚಿನಲ್ಲಿ ಕೂತು, ಮರಿಗಳಿಗೆ ಪೆಟ್ಟಾಗದ ಹಾಗೆ ಅಂಗೈ ಅಡ್ಡ ಹಿಡಿದು ನೀರು ಬಿಡುತ್ತಿದ್ದರು. ಎರಡನೆಯ ಕೊಡ ನಾನು ಹೊತ್ತೆ.

ಬೆಳಕಾದ ಮೇಲೆ ಮೊಮ್ಮಗಳು ಕಿರುಚಿ ಕರೆದಳು. ಎಕ್ಕದ ಗಿಡದಿಂದ ಉದುರಿದ ಒಂದು ಎಲೆ ನೀರಿನ ಮೇಲೆ ತೇಲುತ್ತಿತ್ತು. ಅದರ ಮೇಲೆ ಹೆಬ್ಬೆರಳ ಉಗುರಿನಷ್ಟು ಕಪ್ಪೆ. ನಾಲ್ಕು ಕಾಲು, ಬೆನ್ನ ನಡುವೆ ತೆಳು ಗೆರೆ, ಹಿಂದೆ ಇನ್ನೂ ಕರಗದ ಮೋಟು ಬಾಲ. ಅದು ಅಲುಗದೆ ಕೂತಿತ್ತು, ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಎಣಿಸತೊಡಗಿದಳು: ಎಲೆಯ ಮೇಲೆ ಒಂದು, ಕಲ್ಲಿನ ಮೇಲೆ ಎರಡು, ಕೆಸರಿನಲ್ಲಿ ಅಲ್ಲೊಂದು, ಅಜ್ಜಿ ಇಟ್ಟ ಹೆಜ್ಜೆಯ ಗುಳಿಯ ನೀರಿನಲ್ಲಿ ಇನ್ನೊಂದು.